ಹೆಂಡತಿ ಹೆಸರಿಗೆ ಬಂದ ದಂಡ

ಶಾಲೆಯಲ್ಲಿ ಕಲಿಸುವ ಹೆಂಡತಿ ಊಟದ ಬಿಡುವಿನಲ್ಲಿ ಫೋನ್ ಮಾಡಿದಳು. ಆ ಹೊತ್ತಿನಲ್ಲಿ ಅವಳು ಫೋನ್ ಮಾಡುವವಳೇ ಅಲ್ಲ.

"ಹೋದ ವಾರ ನಾ ಯಾವಾಗ್ರಿ ಕೊಲ್ಹಾರಕ್ಕ ಹೋಗಿದ್ದೆ?"

ನನಗೆ ಅರ್ಥವಾಗಲಿಲ್ಲ. "ನೂರಾ ಮೂರು ಅಂತ ನೋಡ್ರಿ. ಗಾಡಿ ನಂಬರ್ ನಮ್ದ. ಸಾವಿರ ರೂಪಾಯಿ ಕಟ್ಟ ಅಂತಾರ" ಅಂದಳು. ಆಗ ಅರ್ಥವಾಯಿತು: ಅತಿವೇಗದ ಚಲನ್, ಗಂಟೆಗೆ 103 ಕಿಲೋಮೀಟರ್. ವಿಜಯಪುರದಿಂದ ಅಂಗಡಿಗೆ ಮಾಲು ತಗೊಂಡು ವಾಪಸು ಬರುವಾಗ ಕೊಲ್ಹಾರದಲ್ಲಿ ಮೊಸರು ಕೊಂಡಿದ್ದೆ. ಕೃಷ್ಣಾ ನದಿಯ ದೊಡ್ಡ ಸೇತುವೆ ದಾಟಿ ಬೀಳಗಿ ಕ್ರಾಸ್ ಕಡೆ ಬರುವಾಗ ರಸ್ತೆ ಖಾಲಿ ಇತ್ತು. ಬೇವಿನ ಗಿಡದ ನೆರಳಲ್ಲಿ ಒಂದು ಜೀಪು ನಿಂತದ್ದು ಕಂಡಿತ್ತು. ಯಾರೋ ಊಟಕ್ಕೆ ಕೂತಿರಬೇಕು ಅಂದುಕೊಂಡಿದ್ದೆ.

ಕಾರು ಅವಳ ಹೆಸರಿನಲ್ಲಿದೆ. ತಗೊಳ್ಳುವಾಗ ಬ್ಯಾಂಕಿನವರಿಗೆ ಅವಳ ಸಂಬಳದ ಚೀಟಿ ಸಾಕಾಯಿತು, ನನ್ನ ಪಂಪ್‌ಸೆಟ್ ಅಂಗಡಿಯ ಲೆಕ್ಕದ ಪುಸ್ತಕ ಸಾಕಾಗಲಿಲ್ಲ. ಹಿಂಗಾಗಿ ಆರ್‌ಸಿ ಅವಳದು, ಸಾಲ ಅವಳದು, ಇನ್ಶೂರೆನ್ಸ್ ಅವಳದು. ಓಡಿಸುವವನು ಮಾತ್ರ ನಾನು. ಅವಳು ಓಡಿಸುವುದು ಬಾಗಲಕೋಟೆಯ ನವನಗರದ ಸೆಕ್ಟರುಗಳ ಒಳಗೆ, ಅದೂ ಭಾನುವಾರ. ಮುಳ್ಳು ಐವತ್ತು ದಾಟಿದರೆ ಸ್ಟೇರಿಂಗ್ ಒದ್ದೆಯಾಗುವಷ್ಟು ಬೆವರುತ್ತಾಳೆ.

ಸಂಜೆ ಚಲನ್ ತೆಗೆದು ಫೋಟೊ ದೊಡ್ಡದು ಮಾಡಿ ನೋಡಿದೆವು. ಕಾರಿನ ಬೆನ್ನು, ಕೆಎ-29ರ ನಂಬರು, ಹಿಂದಿನ ಗಾಜಿನೊಳಗೆ ಬೆಳ್ಳಗೆ ಏನೋ ಒಂದು. ಮೊಸರಿನ ಗಡಿಗೆಯ ಬಾಯಿಗೆ ಕಟ್ಟಿದ ಕಾಗದ! ಕೊಲ್ಹಾರದ ಮೊಸರು ಗಡಿಗೆ ಬೋರಲು ಹಾಕಿದರೂ ಬೀಳುವುದಿಲ್ಲ ಅನ್ನುತ್ತಾರೆ, ಅದನ್ನೇ ನಂಬಿ ಹಿಂದೆ ಇಟ್ಟು ಹೊಡೆದಿದ್ದೆ. ಫೋಟೊದಲ್ಲಿ ಗಡಿಗೆ ಇದೆ, ನಂಬರ್ ಪ್ಲೇಟ್ ಇದೆ, ನಾನು ಇಲ್ಲ.

ಓಟಿಪಿ ಅವಳ ಫೋನಿಗೇ ಬರಬೇಕು, ಹಂಗಾಗಿ ಅವಳೇ ಕಟ್ಟಿದಳು. ಎರಡು ನಿಮಿಷದ ಕೆಲಸ. ನನಗೆ ಅಲ್ಲಿಗೆ ಮುಗಿದಂತೆ ಅನ್ನಿಸಿತು. ಅವಳು ಫೋನ್ ಕೆಳಗಿಡಲಿಲ್ಲ. "ಇದು ನನ್ನ ಹೆಸರಿನಾಗ ಉಳೀತದೇನ್ರಿ? ಲೈಸೆನ್ಸಿನಾಗ? ಇನ್ಶೂರೆನ್ಸಿನಾಗ?"

ಉಳಿಯುವುದಿಲ್ಲ ಬಿಡು ಅಂದೆ. ಹೇಳಿದ್ದು ಧೈರ್ಯದಿಂದ, ಗೊತ್ತಿದ್ದು ಅಲ್ಲ.

ಆಮೇಲೆ ಒಂದೊಂದೇ ಕೇಳಿ, ಓದಿ ತಿಳಿದುಕೊಂಡೆ. ಅತಿವೇಗದ ದಂಡ ಮೋಟಾರು ವಾಹನ ಕಾಯ್ದೆಯ 183ನೇ ಕಲಂ. ಮೊದಲು 400 ರೂಪಾಯಿ ಇತ್ತು. 2019ರ ಸೆಪ್ಟೆಂಬರ್ 1ರಿಂದ ಕಾರಿನಂಥ ಹಗುರ ವಾಹನಕ್ಕೆ 1,000ದಿಂದ 2,000, ಭಾರಿ ವಾಹನಕ್ಕೆ 2,000ದಿಂದ 4,000 ಆಯಿತು. ಎರಡನೇ ಸಲ ಸಿಕ್ಕರೆ ಲೈಸೆನ್ಸ್ ಜಪ್ತಿ ಅಂತಲೂ ಅದರಲ್ಲೇ ಬರೆದಿದೆ. ಅದಕ್ಕೂ ಮೊದಲು, 2015ರಲ್ಲೇ, ಸುಪ್ರೀಂ ಕೋರ್ಟ್ ನೇಮಿಸಿದ ರಸ್ತೆ ಸುರಕ್ಷತಾ ಸಮಿತಿ ಅತಿವೇಗ, ಕೆಂಪು ದೀಪ ಹಾರುವುದು, ಕುಡಿದು ಓಡಿಸುವುದು, ಫೋನಿನಲ್ಲಿ ಮಾತಾಡುತ್ತ ಓಡಿಸುವುದು ಇಂಥವಕ್ಕೆ ಕನಿಷ್ಠ ಮೂರು ತಿಂಗಳು ಲೈಸೆನ್ಸ್ ಅಮಾನತು ಮಾಡಿರಿ ಅಂತ ರಾಜ್ಯಗಳಿಗೆ ಹೇಳಿತ್ತು.

ಕಾಗದದ ಮೇಲೆ ಬಿಗಿಯಾಗಿದೆ. ಆದರೆ ಗಿಡದ ಕೆಳಗಿನ ಕ್ಯಾಮೆರಾಕ್ಕೆ ಕಾಣುವುದು ನಂಬರ್ ಪ್ಲೇಟ್, ಲೈಸೆನ್ಸ್ ಅಲ್ಲ. ಗಾಡಿಗಳ ಲೆಕ್ಕ ಇರುವುದು ವಾಹನ್ ಎಂಬ ಕಂಪ್ಯೂಟರ್ ವ್ಯವಸ್ಥೆಯಲ್ಲಿ, ಲೈಸೆನ್ಸಿನ ಲೆಕ್ಕ ಸಾರಥಿಯಲ್ಲಿ. ಪೊಲೀಸರು ಕೈ ಅಡ್ಡ ಹಾಕಿ ನಿಲ್ಲಿಸಿ ಲೈಸೆನ್ಸ್ ಇಸಿದುಕೊಂಡರೆ ಮಾತು ಬೇರೆ. ಗಾಡಿ ಓಡಿಸಿದವರು ಯಾರು ಅಂತ ಕೇಳಿದರೆ ಮಾಲೀಕರು ಹೇಳಬೇಕು ಅಂತ 133ನೇ ಕಲಮಿನಲ್ಲಿದೆ. ನಮ್ಮನ್ನು ಯಾರೂ ಕೇಳಲಿಲ್ಲ. ಕೇಳಿದ್ದು ಸಾವಿರ ರೂಪಾಯಿ, ಅದು ಮುಟ್ಟಿತು. ಸರ್ಕಾರದ ಲೆಕ್ಕದಲ್ಲಿ ಅವತ್ತು 103ಕ್ಕೆ ಓಡಿದ್ದು ನನ್ನ ಹೆಂಡತಿಯ ಕಾರು, ನಾನು ಊರಲ್ಲೇ ಇದ್ದೆ ಅಂದರೂ ನಡೆಯುತ್ತದೆ.

ಇದೇ ಹೊತ್ತಿಗೆ ಅಮೆರಿಕದಲ್ಲಿರುವ ಅಣ್ಣನ ಮಗನಿಗೂ ಒಂದು ಟಿಕೆಟ್ ಬಿದ್ದಿತ್ತು. ಅಲ್ಲಿ ಚಲನ್ ಅನ್ನುವುದಿಲ್ಲ, ಟಿಕೆಟ್. ಕ್ಯಾಲಿಫೋರ್ನಿಯದಲ್ಲಿ ಸ್ಯಾನ್ ಹೋಸೆ ಹತ್ತಿರ, 65 ಮೈಲಿಯ ಮಿತಿ ಇದ್ದ ಹೆದ್ದಾರಿಯಲ್ಲಿ 79ಕ್ಕೆ ಹೊರಟಿದ್ದನಂತೆ. ನಮ್ಮ ಲೆಕ್ಕದಲ್ಲಿ 105ರ ಜಾಗದಲ್ಲಿ 127. ಹಿಂದಿನಿಂದ ದೀಪ ಮಿಣುಕಿಸುತ್ತ ಬಂದ ಪೊಲೀಸ್ ಇವನನ್ನು ಪಕ್ಕಕ್ಕೆ ನಿಲ್ಲಿಸಿ, ಲೈಸೆನ್ಸ್ ನೋಡಿ, ಚೀಟಿ ಬರೆದು ಸಹಿ ಹಾಕಿಸಿಕೊಂಡಿದ್ದ. ಸಹಿ ಅಂದರೆ ತಪ್ಪು ಒಪ್ಪಿದಂತೆ ಅಲ್ಲ, ಕೋರ್ಟಿನ ಕರೆಗೆ ಓಗೊಡುತ್ತೇನೆ ಅನ್ನುವ ಮಾತು ಅಷ್ಟೇ. ಮೂಲ ದಂಡ ಬರೀ 35 ಡಾಲರ್. ಅದರ ಮೇಲೆ ಅವರ ಸರ್‌ಚಾರ್ಜುಗಳು ಒಂದರ ಮೇಲೊಂದು ಕೂತು ಇನ್ನೂರು ದಾಟಿತ್ತು.

ವಿಡಿಯೊ ಕಾಲ್‌ನಲ್ಲಿ ಅವನ ಮುಖ ಸಣ್ಣದಾಗಿತ್ತು. ಇನ್ನೂರು ಡಾಲರಿಗೆ ಇಷ್ಟ್ಯಾಕ ಮುಖ ಇಳಿಸೀಯೊ ಅಂದೆ. "ದಂಡ ಹೋಗ್ಲಿ ಬಿಡು ಕಾಕಾ. ಪಾಯಿಂಟ್ ಬಂತಂದ್ರ ಮೂರು ವರ್ಷ ಬೆನ್ನ ಬಿಡೂದಿಲ್ಲ. ಇನ್ಶೂರೆನ್ಸ್ನವ್ರು ಅದನ್ನ ನೋಡಿ ರೇಟ್ ಏರಸ್ತಾರ."

ಅಲ್ಲಿ ವೇಗದ ತಪ್ಪಿಗೆ ಲೈಸೆನ್ಸ್ ಮೇಲೆ ಒಂದು ಪಾಯಿಂಟ್. ನೂರು ಮೈಲಿ ದಾಟಿ ಓಡಿಸಿದರೆ ಎರಡು. ಒಂದು ವರ್ಷದಲ್ಲಿ ನಾಲ್ಕು, ಎರಡು ವರ್ಷದಲ್ಲಿ ಆರು, ಇಲ್ಲವೇ ಮೂರು ವರ್ಷದಲ್ಲಿ ಎಂಟು ಆದರೆ ಬೇಜವಾಬ್ದಾರಿ ಚಾಲಕ ಅಂತ ಹೆಸರು ಬಿದ್ದು ಲೈಸೆನ್ಸಿಗೇ ಕುತ್ತು. ಇನ್ಶೂರೆನ್ಸ್ ಕಂಪನಿಗಳು ಈ ದಾಖಲೆ ತರಿಸಿಕೊಂಡು ನೋಡುತ್ತವೆ. 1988ರಲ್ಲಿ ಆ ರಾಜ್ಯದ ಮತದಾರರು ಪ್ರಪೊಸಿಷನ್ 103 ಅನ್ನುವ ಕಾನೂನಿಗೆ ಮತ ಹಾಕಿದರು. ಅದರ ಪ್ರಕಾರ ಕಾರಿನ ಪ್ರೀಮಿಯಂ ಲೆಕ್ಕ ಹಾಕುವಾಗ ಎಲ್ಲಕ್ಕಿಂತ ಮೊದಲು ತೂಗಬೇಕಾದ್ದು ಓಡಿಸುವವನ ದಾಖಲೆ, ಆಮೇಲೆ ವರ್ಷಕ್ಕೆ ಎಷ್ಟು ಮೈಲಿ ಓಡಿಸುತ್ತಾನೆ ಅನ್ನುವುದು, ಅದಾದ ಮೇಲೆ ಎಷ್ಟು ವರ್ಷದ ಅನುಭವ ಅನ್ನುವುದು. ಮೂರು ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪಾಯಿಂಟ್ ಇಲ್ಲದವನಿಗೆ ಒಳ್ಳೆಯ ಚಾಲಕ ಅಂತ ಶೇ. 20 ರಿಯಾಯಿತಿ ಕೊಡಲೇಬೇಕು.

ಪಾರಾಗುವ ದಾರಿಯೂ ಒಂದಿದೆ, ಟ್ರಾಫಿಕ್ ಸ್ಕೂಲ್. ಹದಿನೆಂಟು ತಿಂಗಳಿಗೆ ಒಮ್ಮೆ ಮಾತ್ರ. ದಂಡವನ್ನೂ ಕಟ್ಟಿ, ಮೇಲೆ ಕೋರ್ಸಿನ ಫೀಯನ್ನೂ ಕಟ್ಟಿ, ಪಾಠ ಓದಿ ಪರೀಕ್ಷೆ ಪಾಸಾದರೆ ಆ ಪಾಯಿಂಟ್ ಇನ್ಶೂರೆನ್ಸಿನವರ ಕಣ್ಣಿಗೆ ಬೀಳದಂತೆ ಮುಚ್ಚುತ್ತಾರೆ. ಎಂಜಿನಿಯರಿಂಗ್ ಮುಗಿಸಿ ಹತ್ತು ವರ್ಷವಾದ ಹುಡುಗ ಶನಿವಾರ ಇಡೀ ದಿನ ಕೂತು, ಮುಂದಿನ ಗಾಡಿಗೂ ನಮ್ಮ ಗಾಡಿಗೂ ಎಷ್ಟು ಸೆಕೆಂಡ್ ಅಂತರ ಇರಬೇಕು ಅಂತ ಓದಿದ. ನನಗೆ ನಗು ಬಂತು. ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು ಅನ್ನಬೇಕು. ಅವನ ತಪ್ಪಿಗೆ ಅವನ ಹೆಸರಿತ್ತು.

ಮುಂದಿನ ತಿಂಗಳು ನಮ್ಮ ಇನ್ಶೂರೆನ್ಸ್ ರಿನೀವಲ್ ಬಂತು. ಏಜೆಂಟರಿಗೆ ಫೋನ್ ಹಚ್ಚಿ, ಮುಜುಗರದಿಂದಲೇ ಚಲನ್ ವಿಷಯ ತೆಗೆದೆ. "ಅದಕ್ಕೂ ಇದಕ್ಕೂ ಸಂಬಂಧ ಇಲ್ಲ ಬಿಡ್ರಿ ಸರ್ರ. ಕ್ಲೇಮ್ ಏನರ ಮಾಡೀರೇನು ಅಷ್ಟ ಹೇಳ್ರಿ." ಇಲ್ಲ ಅಂದೆ. "ಹಂಗಾರ ಫಿಫ್ಟಿ ಪರ್ಸೆಂಟ್ ಬೋನಸ್, ಮೇಡಂ ಹೆಸರಿಗೆ."

ನಮ್ಮಲ್ಲಿ ಕಾರಿನ ಪ್ರೀಮಿಯಂಗೆ ಎರಡು ಭಾಗ. ಥರ್ಡ್ ಪಾರ್ಟಿ, ಅಂದರೆ ನಮ್ಮ ಗಾಡಿಯಿಂದ ಬೇರೆಯವರಿಗೆ ಆದ ಹಾನಿಯದು, ಕಡ್ಡಾಯ, ಅದರ ದರ ಸರ್ಕಾರವೇ ನಿಗದಿ ಮಾಡುತ್ತದೆ. 2022ರ ಜೂನ್‌ನಲ್ಲಿ ಬಂದ ಪಟ್ಟಿಯ ಪ್ರಕಾರ 1,000 ಸಿಸಿ ಒಳಗಿನ ಕಾರಿಗೆ 2,094, 1,500ರ ಒಳಗೆ 3,416, ಅದರ ಮೇಲೆ 7,897 ರೂಪಾಯಿ. ಅದು ಎಂಜಿನ್ ನೋಡುತ್ತದೆ, ಮನುಷ್ಯನನ್ನು ನೋಡುವುದಿಲ್ಲ. ಹುಚ್ಚು ಹಿಡಿದಂತೆ ಹೊಡೆಯುವವನಿಗೂ ಅಷ್ಟೇ, ಭಾನುವಾರ ಸೆಕ್ಟರ್ ಸುತ್ತುವವಳಿಗೂ ಅಷ್ಟೇ. ಎರಡನೆಯದು ನಮ್ಮ ಗಾಡಿಯ ಡ್ಯಾಮೇಜಿನದು. ನೋ ಕ್ಲೇಮ್ ಬೋನಸ್ ಸಿಗುವುದು ಇದರ ಮೇಲೆ ಮಾತ್ರ. ಕ್ಲೇಮ್ ಇಲ್ಲದ ಮೊದಲ ವರ್ಷಕ್ಕೆ ಶೇ. 20, ಆಮೇಲೆ 25, 35, 45, ಐದನೆಯದಕ್ಕೆ 50. ಒಂದು ಕ್ಲೇಮ್ ಮಾಡಿದರೆ ಮತ್ತೆ ಸೊನ್ನೆಗೆ. ಪಾಲಿಸಿ ಮುಗಿದು 90 ದಿನದೊಳಗೆ ರಿನೀವಲ್ ಮಾಡದಿದ್ದರೂ ಹೋಯಿತು.

ಚಲನ್ ನೋಡಿ ಪ್ರೀಮಿಯಂ ಏರಿಸುವ ಯೋಚನೆ ಇಲ್ಲಿ ಹುಟ್ಟಿಲ್ಲ ಅಂತಲ್ಲ. 2021ರ ಜನವರಿಯಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ, ಐಆರ್‌ಡಿಎಐ, ಒಂದು ಕರಡು ಹೊರಗೆ ಬಿಟ್ಟಿತ್ತು. ಟ್ರಾಫಿಕ್ ವಯಲೇಶನ್ ಪ್ರೀಮಿಯಂ ಅಂತ ಅದರ ಹೆಸರು. ಕುಡಿದು ಓಡಿಸಿದರೆ 100 ಅಂಕ, ತಪ್ಪು ಜಾಗದಲ್ಲಿ ನಿಲ್ಲಿಸಿದರೆ 10, ಅಂಕ ಕೂಡಿದಂತೆ ಪ್ರೀಮಿಯಂ ಜೊತೆ ಒಂದಿಷ್ಟು ಹೆಚ್ಚು, ಮೊದಲು ದಿಲ್ಲಿಯಲ್ಲಿ ಪ್ರಯೋಗ ಅಂತೆಲ್ಲ ಇತ್ತು. ನಮ್ಮ ಪಾಲಿಸಿಯಲ್ಲಿ ಅಂಥ ಸಾಲು ಇವತ್ತಿನವರೆಗೂ ಕಂಡಿಲ್ಲ. 2022ರ ಜುಲೈನಲ್ಲಿ ಹೇಗೆ ಓಡಿಸುತ್ತೀರಿ ಅನ್ನುವುದನ್ನು ಅಳೆದು ದರ ಹಾಕುವ ಪಾಲಿಸಿಗೂ ಒಪ್ಪಿಗೆ ಸಿಕ್ಕಿತು. ಏಜೆಂಟರನ್ನು ಕೇಳಿದೆ. "ನಿಮಗ್ಯಾಕ್ರಿ ಅದು, ಇದ್ದದ್ದ ಛಲೋ ಐತಿ" ಅಂದರು. ನನ್ನ ಓಡಿಸುವ ರೀತಿ ಅವರಿಗೂ ಗೊತ್ತಿರಬೇಕು.

ಐದು ವರ್ಷ ಕ್ಲೇಮ್ ಇಲ್ಲ. ಹೌದು. ಐದು ವರ್ಷ ಏನೂ ಆಗಿಲ್ಲ ಅಂದರೆ ಸುಳ್ಳು.

ಎರಡು ವರ್ಷದ ಹಿಂದೆ ಜನವರಿ ತಿಂಗಳು, ಕಬ್ಬಿನ ಸೀಜನ್. ಲೋಕಾಪುರದಲ್ಲಿ ಲಗ್ನ ಮುಗಿಸಿ ಅಪ್ಪನನ್ನು ಕರೆದುಕೊಂಡು ರಾತ್ರಿ ಬಾಗಲಕೋಟೆಗೆ ಬರುತ್ತಿದ್ದೆ. ಕಲಾದಗಿ ಹತ್ತಿರ ಮುಂದೆ ಎರಡು ಡಬ್ಬಿಯ ಟ್ರ್ಯಾಕ್ಟರ್, ಹಿಂದೆ ಕೆಂಪು ದೀಪ ಇಲ್ಲ, ರೇಡಿಯಂ ಪಟ್ಟಿಗೆ ಧೂಳು ಮೆತ್ತಿ ಅದೂ ಇಲ್ಲದಂತೆಯೇ. ಈ ಭಾಗದಲ್ಲಿ ಓಡಿಸುವವರಿಗೆ ಅದು ಹೊಸದಲ್ಲ. ಕಬ್ಬಿನ ದಿನಗಳಲ್ಲಿ ರಾತ್ರಿ ಅರವತ್ತರ ಮೇಲೆ ಹೋಗಬಾರದು ಅಂತ ಎಲ್ಲರಿಗೂ ಗೊತ್ತು, ನನಗೂ ಗೊತ್ತಿತ್ತು. ಕಂಡ ಕೂಡಲೇ ಬಲಕ್ಕೆ ಎಳೆದೆ. ಎದುರು ಲಾರಿ. ಮತ್ತೆ ಎಡಕ್ಕೆ. ಹೇರಿನಿಂದ ಹೊರಗೆ ಚಾಚಿದ್ದ ಕಬ್ಬು ಕಾರಿನ ಎಡಗಡೆ ಬಾಗಿಲನ್ನು ಉದ್ದಕ್ಕೂ ಗೀರಿಕೊಂಡು ಹೋದವು, ತಗಡಿನ ಮೇಲೆ ಉಗುರಿನಿಂದ ಎಳೆದಂಥ ಸದ್ದು. ಫಟ್ ಅಂತ ಎಡಗನ್ನಡಿ ಹಾರಿತು.

ಮುಂದೆ ಹೋಗಿ ನಿಲ್ಲಿಸಿದೆ. ಟ್ರ್ಯಾಕ್ಟರಿನ ಹುಡುಗ ಇಳಿದು ಬಂದ, ಮೊಬೈಲಿನ ಬೆಳಕು ಬಿಟ್ಟು ಬಾಗಿಲು ನೋಡಿದ. ಗಾಜಿನ ರಬ್ಬರಿನಲ್ಲಿ ಸಿಕ್ಕಿಕೊಂಡ ಕಬ್ಬಿನ ರವದಿಯನ್ನು ತಾನೇ ಮೆಲ್ಲಗೆ ಎಳೆದು ತೆಗೆದ. ಕನ್ನಡಿ ಇದ್ದ ಜಾಗದಲ್ಲಿ ಎರಡು ವೈರು ಜೋತುಬಿದ್ದಿದ್ದವು. ಆ ಬದಿಯಲ್ಲಿ ಕೂತಿದ್ದವನು ಅಪ್ಪ. ಗಾಜು ಏರಿಸಿತ್ತು, ಅಷ್ಟೇ ಪುಣ್ಯ.

ಅಪ್ಪ ಗದ್ದನಕೇರಿ ಕ್ರಾಸ್ ಬರುವವರೆಗೂ ಮಾತಾಡಲಿಲ್ಲ. ಅಲ್ಲಿ ಚಾದ ಅಂಗಡಿ ಮುಂದೆ ನಿಲ್ಲಿಸು ಅಂದ. ಅರ್ಧ ಕಪ್ ಆದ ಮೇಲೆ ಹೇಳಿದ: "ಇದ ನಾ ಮಾಡಿದ್ದರ ನಾಳೆ ಮುಂಜಾನೆ ಡಿಪೊದಾಗ ಮ್ಯಾನೇಜರ್ ಮುಂದ ನಿಂದರತಿದ್ದೆ."

ಅಪ್ಪ ವಾಯವ್ಯ ಕರ್ನಾಟಕ ಸಾರಿಗೆಯಲ್ಲಿ ಡ್ರೈವರ್ ಆಗಿದ್ದವನು. ಪಾಯಿಂಟು, ದಾಖಲೆ ಅಂತ ಅಣ್ಣನ ಮಗ ಹೇಳಿದಾಗ ನನಗೆ ಹೊಸದೆನಿಸಿತ್ತು, ಅಪ್ಪನಿಗೆ ಕಿಂಚಿತ್ತೂ ಅನ್ನಿಸಲಿಲ್ಲ. ಡಿಪೊದಲ್ಲಿ ಪ್ರತಿ ಡ್ರೈವರನಿಗೂ ಲಾಗ್‌ಶೀಟು. ಒಂದು ಲೀಟರ್ ಡೀಸೆಲಿಗೆ ಎಷ್ಟು ಕಿಲೋಮೀಟರ್ ತಂದ ಅನ್ನುವ ಕೆಎಂಪಿಎಲ್ ಲೆಕ್ಕ. ಸುಮ್ಮನೆ ಎಕ್ಸಲೇಟರ್ ತುಳಿದು ಬ್ರೇಕ್ ಹೊಡೆಯುವವನ ಬಣ್ಣ ಬಯಲು ಮಾಡಲು ಕ್ಯಾಮೆರಾ ಬೇಡ, ಡೀಸೆಲ್ ಹೇಳುತ್ತದೆ. ಬಸ್ಸಿಗೆ ಗೀರು ಬಿದ್ದರೂ ವಿವರಣೆ ಬರೆದುಕೊಡಬೇಕು, ದೊಡ್ಡದಾದರೆ ಚಾರ್ಜ್‌ಶೀಟು, ಇನ್‌ಕ್ರಿಮೆಂಟಿಗೆ ಪೆಟ್ಟು. ಅಪಘಾತವಿಲ್ಲದೆ ಓಡಿಸಿದವರಿಗೆ ಬೆಳ್ಳಿ ಪದಕ. ಅಪ್ಪನದು ಕಪಾಟಿನಲ್ಲಿ ಅವ್ವನ ಬಳೆಗಳ ಡಬ್ಬಿಯಲ್ಲಿದೆ, ಕಪ್ಪಾಗಿದೆ. ವರ್ಷಕ್ಕೊಮ್ಮೆ ದೀಪಾವಳಿಯಲ್ಲಿ ಅವ್ವ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಾಳೆ.

ಆ ಡಬ್ಬಿಯಲ್ಲೇ ಅವನ ಹಳೆಯ ಲೈಸೆನ್ಸ್ ಇದೆ. ಕಾರ್ಡ್ ಅಲ್ಲ, ಸಣ್ಣ ಪುಸ್ತಕ. ಅದರ ಕೊನೆಯ ಹಾಳೆಗಳು ತಪ್ಪು ಬರೆಯಲಿಕ್ಕೆ ಅಂತಲೇ ಬಿಟ್ಟವು, ಕೋರ್ಟು ಶಿಕ್ಷೆ ಕೊಟ್ಟರೆ ಅಲ್ಲಿ ಷರಾ ಬೀಳಬೇಕು. ಅಪ್ಪನ ಪುಸ್ತಕದಲ್ಲಿ ಆ ಹಾಳೆಗಳು ಖಾಲಿ, ಅಂಚು ಮಾತ್ರ ಹಳದಿ. ನನ್ನ ಸ್ಮಾರ್ಟ್ ಕಾರ್ಡ್ ಹಿಂದೆ ಮುಂದೆ ತಿರುಗಿಸಿದೆ. ಬರೆಯಲು ಜಾಗವೇ ಇಲ್ಲ.

ಕನ್ನಡಿಗೆ, ಡೆಂಟಿಂಗ್ ಪೇಂಟಿಂಗಿಗೆ 6,500 ರೂಪಾಯಿ ಆಯಿತು. ಆಗಲೂ ಇದೇ ಏಜೆಂಟರು, "ಕ್ಲೇಮ್ ಹಾಕಬ್ಯಾಡ್ರಿ ಸರ್ರ, ಬೋನಸ್ ಹೋಗತೈತಿ" ಅಂದಿದ್ದರು. ಲೆಕ್ಕ ಅವರದೇ ಸರಿ. ಡ್ಯಾಮೇಜಿನ ಪ್ರೀಮಿಯಂ ಎಂಟು ಸಾವಿರ ಇದ್ದವನಿಗೆ ಶೇ. 50 ಬೋನಸ್ ಅಂದರೆ ವರ್ಷಕ್ಕೆ ನಾಲ್ಕು ಸಾವಿರ ಉಳಿತಾಯ, ಕಳೆದುಕೊಂಡರೆ ಮತ್ತೆ ಮೊದಲಿನಿಂದ ಏಣಿ ಹತ್ತಬೇಕು. ಸಣ್ಣಪುಟ್ಟದಕ್ಕೆ ಕೈಯಿಂದ ಹಾಕಿಕೊಳ್ಳುವುದೇ ಜಾಣತನ, ಯಾರು ಕೇಳಿದರೂ ನಾನೂ ಅದನ್ನೇ ಹೇಳುತ್ತೇನೆ. ಆದರೆ ಆ ಜಾಣತನದಿಂದ ಆ ರಾತ್ರಿ ಯಾವ ಪುಸ್ತಕದಲ್ಲೂ ಇಲ್ಲದಂತಾಯಿತು. ಖಾಲಿ ರಸ್ತೆಯಲ್ಲಿ ಮೊಸರಿನ ಗಡಿಗೆ ಇಟ್ಟುಕೊಂಡು ಹೋದದ್ದಕ್ಕೆ ಫೋಟೊ ಇದೆ.

ಹಾಗಂತ ನಮ್ಮಲ್ಲಿ ವೇಗಕ್ಕೂ ಇನ್ಶೂರೆನ್ಸಿಗೂ ನಂಟೇ ಇಲ್ಲ ಅಂದುಕೊಂಡಿದ್ದೆ. ಇದೆ. ಪ್ರೀಮಿಯಂ ಕಟ್ಟುವಾಗ ಕಾಣುವುದಿಲ್ಲ, ಅಪಘಾತ ಆದ ಮೇಲೆ ಕಾಣುತ್ತದೆ.

ವೇಗವಾಗಿ ಹೋದೆ ಅನ್ನುವ ಒಂದೇ ಕಾರಣಕ್ಕೆ ಕ್ಲೇಮ್ ತಾನಾಗಿ ಬಿದ್ದುಹೋಗುವುದಿಲ್ಲ. ಆದರೆ ಪಾಲಿಸಿಯ ಸಣ್ಣ ಅಕ್ಷರಗಳಲ್ಲಿ ಒಂದು ಷರತ್ತಿದೆ: ಓಡಿಸುವವನ ಹತ್ತಿರ ಚಾಲ್ತಿ ಲೈಸೆನ್ಸ್ ಇರಬೇಕು, ಅವನು ಅನರ್ಹನಾಗಿರಬಾರದು. ಅತಿವೇಗಕ್ಕೆ ಮೂರು ತಿಂಗಳು ಅಮಾನತಾದವನು ಆ ಮೂರು ತಿಂಗಳಲ್ಲಿ ಸುಮ್ಮನೆ ಒಂದು ಸುತ್ತು ಅಂತ ಗಾಡಿ ತೆಗೆದು ಗುದ್ದಿದರೆ ಗಾಡಿಯ ದುಡ್ಡು ಬರುವುದಿಲ್ಲ. ಎದುರಿನವರಿಗೆ ಪೆಟ್ಟಾದರೆ ಕಂಪನಿ ಮೊದಲು ಪರಿಹಾರ ಕೊಟ್ಟು, ಆಮೇಲೆ ಆ ಹಣವನ್ನು ಮಾಲೀಕರಿಂದ ವಸೂಲಿ ಮಾಡಲಿ ಅಂತ ಕೋರ್ಟುಗಳು ಎಷ್ಟೋ ಸಲ ಹೇಳಿವೆ. ಮಾಲೀಕರಿಂದ. ಅಂದರೆ ನಮ್ಮ ಮನೆಯಲ್ಲಿ, ಮೇಷ್ಟ್ರಮ್ಮನ ಸಂಬಳದಿಂದ.

2025ರ ಜುಲೈನಲ್ಲಿ ಸುಪ್ರೀಂ ಕೋರ್ಟಿಗೆ ಹೋಗಿದ್ದ ಒಂದು ಪ್ರಕರಣ ನಮ್ಮ ರಾಜ್ಯದ್ದೇ. 2014ರಲ್ಲಿ ಅರಸೀಕೆರೆ ಕಡೆ ಹೊರಟಿದ್ದ ಕಾರು ಅತಿವೇಗದಲ್ಲಿ ಪಲ್ಟಿಯಾಗಿ ಓಡಿಸುತ್ತಿದ್ದವರು ತೀರಿಕೊಂಡಿದ್ದರು. ಮನೆಯವರು 80 ಲಕ್ಷ ಪರಿಹಾರ ಕೇಳಿದ್ದರು. ತನ್ನದೇ ತಪ್ಪಿನಿಂದ ಸತ್ತವನ ವಾರಸುದಾರರಿಗೆ ಪರಿಹಾರ ಇಲ್ಲ ಅಂದಿತ್ತು ನಮ್ಮ ಹೈಕೋರ್ಟು, ಸುಪ್ರೀಂ ಕೋರ್ಟೂ ಅದರಲ್ಲಿ ಕೈ ಹಾಕಲಿಲ್ಲ. ಹಾಗಾದರೆ ಪಾಲಿಸಿಯಲ್ಲಿರುವ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ ನನಗಿದೆಯಲ್ಲ ಅಂತ ಏಜೆಂಟರನ್ನು ಕೇಳಿದೆ. "ಅದು ಓನರ್-ಡ್ರೈವರ್‌ಗೆ ಸರ್ರ. ನೀವು ಬರೀ ಡ್ರೈವರ್." ಅವರು ನಕ್ಕರು. ನಾನೂ ನಕ್ಕೆ, ಸ್ವಲ್ಪ ತಡವಾಗಿ.

ಇನ್ನು ಅರ್ಧ ರೇಟಿನ ಮಾತು. 2023ರ ಫೆಬ್ರವರಿಯಲ್ಲಿ ಬಾಕಿ ಚಲನ್‌ಗಳಿಗೆ ಶೇ. 50 ರಿಯಾಯಿತಿ ಅಂತ ಸರ್ಕಾರ ಹೇಳಿದಾಗ ಜನ ಸಾಲು ಹಚ್ಚಿ ಕಟ್ಟಿದರು, 2025ರ ಆಗಸ್ಟ್-ಸೆಪ್ಟೆಂಬರಿನಲ್ಲಿ ಮತ್ತೆ ಬಂತು. ದಂಡಕ್ಕೂ ಆಷಾಢ ಸೇಲ್. ಪಕ್ಕದ ಅಂಗಡಿಯವರು, "ನೀವ್ಯಾಕ್ರಿ ಇಷ್ಟ ಲಗೂನ ಕಟ್ಟಿದ್ರಿ, ಒಂದ ವರ್ಷ ತಡದಿದ್ರ ಐದನೂರು ಉಳೀತಿತ್ತು" ಅಂತ ನನಗಿಂತ ಹೆಚ್ಚು ಮರುಗಿದರು. ಅವರಿಗೆ ದಂಡ ಅಂದರೆ ಕರೆಂಟ್ ಬಿಲ್ಲಿನಂಥದೇ ಒಂದು ಬಾಕಿ. ಬೈಯುವ ಹಾಗಿಲ್ಲ, ಆ ಫೋನ್ ಬರುವವರೆಗೆ ನನಗೂ ಹಾಗೇ ಇತ್ತು.

ರಿನೀವಲ್ ಆದ ಪಾಲಿಸಿ ಪಿಡಿಎಫ್ ಹೆಂಡತಿಯ ಫೋನಿಗೆ ಬಂತು. ಊಟಕ್ಕೆ ಕೂತಾಗ ಗಟ್ಟಿಯಾಗಿ ಓದಿದಳು: ನೋ ಕ್ಲೇಮ್ ಬೋನಸ್, ಶೇ. 50. ಈ ಬೋನಸ್ ಕಾರಿನದಲ್ಲ, ಮಾಲೀಕರದು. ಈ ಕಾರು ಮಾರಿ ಅವಳು ಇನ್ನೊಂದು ತಗೊಂಡರೆ ಅದಕ್ಕೂ ಅದನ್ನು ಒಯ್ಯಬಹುದು. ನಾಳೆ ನಾನು ನನ್ನ ಹೆಸರಿನಲ್ಲಿ ಕಾರು ತಗೊಂಡರೆ ಸೊನ್ನೆಯಿಂದ ಶುರು. ಇದನ್ನು ಹೇಳಿದ ಕೂಡಲೇ ಅವಳ ಮುಖ ಅರಳಿತು. ಅಪ್ಪ ರೊಟ್ಟಿ ಮುರಿಯುತ್ತ, "ಐವತ್ತಂದ್ರ ಎಷ್ಟಕ್ಕ ಐವತ್ತು?" ಅಂದ. ನೂರಕ್ಕೆ ಅಂದೆ. "ಕನ್ನಡಿ ಹಿಡದೇನು, ಬಿಟ್ಟೇನು?" ಅಂದ. ಯಾರೂ ಉತ್ತರ ಕೊಡಲಿಲ್ಲ. ಹೆಂಡತಿ ಅವನ ತಾಟಿಗೆ ಮೊಸರು ಹಾಕಿದಳು.

ಊಟ ಆದ ಮೇಲೆ ನನ್ನ ಕಡೆ ತಿರುಗಿದಳು. "ಬೋನಸ್ ನಂದಂದ್ರಿ. ಆತು. ದಂಡ ನಾ ಯಾಕ ಕಟ್ಟಲಿ? ಸಾವಿರ ಹಾಕ್ರಿ ನನ್ನ ಅಕೌಂಟಿಗೆ."

ಫೋನ್ ತೆಗೆದು ಸಾವಿರ ಒತ್ತಿದೆ. ಯಾತಕ್ಕೆ ಅಂತ ಬರೆಯುವ ಖಾಲಿ ಜಾಗ ಬಂತು. ಏನಂತ ಬರೀಲಿ, ಚಲನ್ ಅಂತ ಬರೀಲೇನು ಅಂದೆ.

"ನಿಮ್ಮ ಹೆಸರು ಬರೀರಿ, ನೂರಾ ಮೂರು ಅಂತ ಬರೀರಿ" ಅಂದಳು. "ಎಲ್ಲ್ಯರ ಒಂದ ಕಡೆ ಇರ್ಲಿ."